ಮುಳ್ಳಿಲ್ಲದ ಕೊಕ್ಕೆ

ರಾಮಣ್ಣ, ಆ ಮೀನು ತಪ್ಪಿಸಿಕೊಂಡದ್ದು ನಿಮ್ಮ ಗಂಟು ಸಡಿಲವಾಗಿದ್ದರಿಂದಲ್ಲ. ಗಾಳದ ಕೊಕ್ಕೆಯಲ್ಲಿ ಮೀನು ಜಾರದಂತೆ ಹಿಡಿಯುವ ಒಳಮುಳ್ಳನ್ನು ನಾನೇ ಅರದಿಂದ ಉಜ್ಜಿ ತೆಗೆದಿದ್ದೆ. ಈ ಒಂದು ಮಾತು ಹೇಳಲು ನನಗೆ ಆರು ವರ್ಷ ಬೇಕಾಯಿತು — ಹೊಲಿಗೆಯವಳ ಕೈಯೇನೋ ಚುರುಕು, ನಾಲಿಗೆ ಮಾತ್ರ...

ನನ್ನ ಮಗಳ ಜ್ವರದಿಂದಲೇ ಶುರು ಮಾಡಬೇಕು. ಅವಳಿಗೆ ವಿಷಮಶೀತ ಜ್ವರ ಬಂದಾಗ ನೀವು ಹೊಸನಗರದ ಆಸ್ಪತ್ರೆಯಲ್ಲಿ ಕಾಂಪೌಂಡರು. ನಾನು ಗಂಡನನ್ನು ಕಳೆದುಕೊಂಡು ಒಂದು ಹೊಲಿಗೆ ಯಂತ್ರವನ್ನು ನಂಬಿ ಬದುಕುತ್ತಿದ್ದವಳು. ಮೂರು ವಾರ ಬೆಳಿಗ್ಗೆ ಸಂಜೆ ನಮ್ಮ ಮನೆಗೆ ಬಂದು ನೀವೇ ಔಷಧಿ ಕುಡಿಸಿದಿರಿ. ಮಗು ಎದ್ದು ಕೂತು ಗಂಜಿ ಕೇಳಿದ ದಿನ, ನಿಮಗೇನು ಕೊಡಲಿ ಎಂದು ಕೇಳಿದೆ. ನೀವು ತಲೆ ಕೆರೆದುಕೊಂಡು, "ಒಂದೆರಡು ಗರಿಹುಳ ಕಟ್ಕೊಡ್ತೀರಾ ಪದ್ಮಕ್ಕ?" ಅಂದಿರಿ.

ಗರಿಹುಳ ಎಂದರೇನೆಂದು ಆಗ ನನಗೆ ಗೊತ್ತಿರಲಿಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿಯನ್ನು ರೇಷ್ಮೆ ದಾರದಿಂದ ಸುತ್ತಿ, ನೊಣದ ಹಾಗೆ ಕಾಣಿಸಿ, ಮೀನನ್ನು ಮರುಳು ಮಾಡುವ ವಿದ್ಯೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹವ್ಯಾಸಿಗಳು ಸೇರಿ ಅದಕ್ಕೊಂದು ಸಂಘವನ್ನೇ ಕಟ್ಟಿದ್ದರು. ಮಳೆ ಕಳೆದು ನೀರು ತಿಳಿಯಾದ ಮೇಲೆ ವರ್ಷಕ್ಕೊಮ್ಮೆ ಶರಾವತಿಯ ಮಡುವಿನ ಹತ್ತಿರ ಕೂಟ. ಡಾಕ್ಟರು, ರೇಂಜರು, ಕಾಫಿ ತೋಟದ ಸಾಹುಕಾರರು — ಅವರ ನಡುವೆ ಬಿದಿರಿನ ಗಳ ಹಿಡಿದ ನೀವು, ಒಂದು ವರ್ಷವೂ ದೊಡ್ಡ ಮೀನು ಹಿಡಿಯದವರು.

ನಮ್ಮದು ಜೈನರ ಮನೆ. ನೀರನ್ನೂ ಸೋಸಿ ಕುಡಿಯುವವರು ನಾವು. ಆಗುವುದಿಲ್ಲ ಎಂದಿದ್ದರೆ ನೀವು ಬೇಸರಪಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಮಗಳನ್ನು ಉಳಿಸಿದವರು ಮೊದಲ ಸಲ ಏನೋ ಕೇಳಿದಾಗ ಇಲ್ಲವೆನ್ನಲು — ಆಯಿತು ಎಂದುಬಿಟ್ಟೆ. ತಾನಾಗಿ ಉದುರಿದ ಗರಿಗಳನ್ನಷ್ಟೇ ಆರಿಸಿ ತಂದೆ. ಕಟ್ಟುವಾಗ, ಸುಳ್ಳೇಕೆ, ಬಹಳ ಖುಷಿಯಾಯಿತು. ಮುಗಿಸುವ ಹೊತ್ತಿಗೆ ಕೊಕ್ಕೆ ನನ್ನ ಬೆರಳಿಗೇ ಚುಚ್ಚಿಕೊಂಡಿತು. ಎಳೆದರೆ ಬರದು; ಒಳಮುಳ್ಳು ಚರ್ಮ ಕಚ್ಚಿ ಹಿಡಿದಿತ್ತು. ಅದನ್ನು ಬಿಡಿಸಿಕೊಂಡವಳೇ ಅರ ಕೈಗೆತ್ತಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ನನ್ನದು. ಹೇಗೂ ನಿಮಗೆ ಮೀನು ಬೀಳುವುದಿಲ್ಲವೆಂದು ಊರೇ ಹೇಳುತ್ತಿತ್ತಲ್ಲ!

ಆ ವರ್ಷದ ಕೂಟಕ್ಕೆ ನನ್ನನ್ನೂ ಮಗಳನ್ನೂ ನೀವೇ ಕರೆದುಕೊಂಡು ಹೋದಿರಿ. ನಾನು ಕಟ್ಟಿದ ಹುಳಕ್ಕೇ ಮಹಶೀರ್ ಎಂಬ ದೊಡ್ಡ ಮೀನು ಬಾಯಿ ಹಾಕಿತು. ಒಮ್ಮೆ ಹೊರಳಿದಾಗ ಅದರ ಮೈಯ ಹೊಂಬಣ್ಣ ಕಂಡೆ. ನನ್ನ ಮಗಳ ಎದೆಮಟ್ಟಕ್ಕೆ ಬರುವಷ್ಟು ಉದ್ದವಿತ್ತು. ಡಾಕ್ಟರು ತಮ್ಮ ಗಳ ಬಿಸಾಕಿ ಓಡಿ ಬಂದರು. ಅರ್ಧ ಗಂಟೆ ಸೆಣಸಿದಿರಿ. ದಡಕ್ಕೆ ಎರಡು ಮಾರು ಇರುವಾಗ ದಾರ ಜೋತುಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು — ಆ ಕ್ಷಣ ನಾನು ಸಂತೋಷಪಟ್ಟೆ ರಾಮಣ್ಣ. ಆಮೇಲೆ ನಿಮ್ಮ ಮುಖ ನೋಡಿದೆ.

ನೀವು ದಾರ ಎಳೆದುಕೊಂಡು, ಕೊಕ್ಕೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಿರಿ. ನನ್ನ ಕಡೆ ನೋಡಲಿಲ್ಲ. ಡಾಕ್ಟರು ಮೀನು ಹೋದ ಕಡೆಯಿಂದ ಕಣ್ಣು ತಿರುಗಿಸುವಷ್ಟರಲ್ಲಿ ದಾರ ಕಚ್ಚಿ ತುಂಡು ಮಾಡಿ, ಹುಳವನ್ನು ಜೇಬಿಗಿಳಿಸಿ, "ನನ್ ಗಂಟೇ ಸಡ್ಲ ಆಗಿತ್ತು ಸಾರ್, ಹುಳದ ಸಮೇತ ಹೋಯ್ತು" ಅಂದಿರಿ.

ಅಂದಿನಿಂದ ಸಂಘದವರಿಗೆ ನೀವು 'ಸಡಿಲಗಂಟಿನ ರಾಮಣ್ಣ'. ನೀವು ಕಟ್ಟಿದ ಬ್ಯಾಂಡೇಜಿನ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ! ಪ್ರತಿ ಕೂಟದಲ್ಲೂ ಊಟದ ಹೊತ್ತಿಗೆ ಯಾರಾದರೂ ಆ ಕಥೆ ಎತ್ತುತ್ತಾರೆ, ಎಲ್ಲರೂ ನಗುತ್ತಾರೆ, ನೀವೂ ನಗುತ್ತೀರಿ. ನಾನು ತಲೆ ತಗ್ಗಿಸಿ ಮನೆಯಿಂದ ತಂದ ಬುತ್ತಿ ಬಿಚ್ಚುತ್ತೇನೆ. ಕೊಕ್ಕೆ ಉಜ್ಜಿದ್ದಕ್ಕಿಂತ ದೊಡ್ಡ ತಪ್ಪು ಅದು.

ಮರುವರ್ಷ ಹೊಸ ಕೊಕ್ಕೆಗಳ ಪೊಟ್ಟಣ ಹಿಡಿದು ನೀವು ಬಾಗಿಲಿಗೆ ಬಂದಿರಿ.

"ಹೋದ್ವರ್ಷದ ಥರದ್ದೇ ಇರ್ಲಿ ಪದ್ಮಕ್ಕ. ಮುಳ್ಳು ನಿಮ್ಗೆ ಹೆಂಗೆ ಬೇಕೋ ಹಂಗೆ ಮಾಡಿ."

ಅಷ್ಟೇ. ಒಂದು ಪ್ರಶ್ನೆಯಿಲ್ಲ, ಒಂದು ಚುಚ್ಚುಮಾತಿಲ್ಲ. ಇಂದಿಗೂ ಮುಳ್ಳಿಲ್ಲದ ಕೊಕ್ಕೆಯಲ್ಲೇ ಗಾಳ ಹಾಕುತ್ತೀರಿ. ಮಗಳನ್ನು ಉಳಿಸಿಕೊಟ್ಟಿರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಮಾನವನ್ನೂ ನೀವೇ ಕಾಪಾಡಿದಿರೆಂದು ನಿಮ್ಮೆದುರೂ ಹೇಳಲಿಲ್ಲ. ಈಗ ಹೇಳುತ್ತೇನೆ — ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ.

ಶರಾವತಿಗೆ ಕಟ್ಟಲಿರುವ ಅಣೆಕಟ್ಟೆ ಎದ್ದರೆ ಆ ಮಡು ಮುಳುಗುತ್ತದಂತೆ. ಅದಕ್ಕೆ ಮೊದಲು, ಈ ಸಲದ ಕೂಟದಲ್ಲಿ ಆ ಕಥೆ ಬಂದಾಗ ನಾನು ಎದ್ದು ನಿಲ್ಲುತ್ತೇನೆ. ದಯವಿಟ್ಟು ತಡೆಯಬೇಡಿ. ಆ ಹುಳ ಇನ್ನೂ ನಿಮ್ಮಲ್ಲಿದ್ದರೆ ಜೊತೆಗೆ ತನ್ನಿ. ನೀವು ಹಾಕಿದ ಗಂಟು ಅದರ ಮೇಲೆ ಇನ್ನೂ ಬಿಗಿಯಾಗಿಯೇ ಇರಬೇಕು. ಅವರೆಲ್ಲ ಅದನ್ನು ಕೈಯಲ್ಲಿ ಹಿಡಿದು ನೋಡಲಿ.