ತಂದೆಯ ಸಹಿ ಇಲ್ಲಿ

ನನ್ನ ಸಹಿಯ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸನಗರದ ಹತ್ತಿರದ ನಮ್ಮೂರಿನ ಹಾಲಿನ ಡೈರಿಗೆ ನಾನು ಕಾರ್ಯದರ್ಶಿ. ಬೆಳಿಗ್ಗೆ ಎದ್ದರೆ ಸಹಿ, ಸಂಜೆಯಾದರೆ ಸಹಿ. ಕೊನೆಗೊಂದು ಗೆರೆ ಎಳೆದು, ಕೆಳಗೆ ಎರಡು ಚುಕ್ಕೆ ಇಟ್ಟರೇ ನನಗೆ ಸಮಾಧಾನ. ಆದರೆ ಆ ಸಹಿ ಅತಿ ಚೆಂದವಾಗಿ ಬಿದ್ದಿರುವುದು ಡೈರಿಯ ಪುಸ್ತಕದಲ್ಲಲ್ಲ, ನನ್ನ ತಂಗಿಯ ಮಗಳ ಮಾರ್ಕ್ಸ್ ಕಾರ್ಡುಗಳಲ್ಲಿ.

ತಂಗಿ ತೀರಿಕೊಂಡಾಗ ಮಗುವಿಗೆ ಒಂದೂವರೆ ವರ್ಷ. ಭಾವ, ಅಂದರೆ ಮಗುವಿನ ತಂದೆ, ತೀರ್ಥಹಳ್ಳಿ ದಾಟಿ ಮೇಗರವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು. "ಸ್ವಲ್ಪ ದಿನ ಇಟ್ಕೊಳ್ಳಿ ಭಾವ" ಎಂದು ಮಗುವನ್ನು ನನ್ನ ಹೆಂಡತಿಯ ಮಡಿಲಿಗೆ ಹಾಕಿ ಹೋದರು. ಆ ಸ್ವಲ್ಪ ದಿನ ಹನ್ನೊಂದು ವರ್ಷವಾಯಿತು. ನಡುವೆ ಅವರಿಗೆ ಇನ್ನೊಂದು ಮದುವೆಯಾಯಿತು, ಎರಡು ಮಕ್ಕಳಾದವು. ನಮಗೆ ಬೇರೆ ಮಕ್ಕಳಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಅವರು ಒಂದು ಫ್ರಾಕ್ ಹಿಡಿದು ಬರುತ್ತಿದ್ದರು, ಅರ್ಧ ಗಂಟೆ ಜಗುಲಿಯಲ್ಲಿ ಕೂತು ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಫ್ರಾಕ್ ಯಾವಾಗಲೂ ಒಂದು ಅಳತೆ ಚಿಕ್ಕದೇ. "ಬಂದ್ರು ನೋಡು ಫ್ರಾಕಿನ ಭಾವ" ಎಂದು ನಾನು ಹೆಂಡತಿಯ ಹತ್ತಿರ ಹಂಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ನಮ್ಮ ಹುಡುಗಿಗೆ ಯೋಗದ ಹುಚ್ಚು. ಪ್ರತಿ ಭಾನುವಾರ ಸಾಗರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ತರಗತಿ ಮುಗಿಯುವವರೆಗೆ ಹೊರಗೆ ಪೇಪರ್ ಓದುತ್ತ ಕೂರುವುದು ನನ್ನ ಕೆಲಸ. ಕಳೆದ ವರ್ಷ ಮಲೇಷ್ಯಾದಲ್ಲಿ ನಡೆಯುವ ಸ್ಪರ್ಧೆಗೆ ಅವಳೂ ಸೇರಿ ಆರು ಮಕ್ಕಳು ಆಯ್ಕೆಯಾದರು. ಯೋಗದ ಟೀಚರ್ ಜೊತೆಗೆ ಹೋಗುವವರಿದ್ದರು. ಅಪ್ಪ ಅಮ್ಮ ಜೊತೆಗಿಲ್ಲದೆ ದೇಶ ಬಿಡುವ ಮಕ್ಕಳ ಹತ್ತಿರ ಒಪ್ಪಿಗೆ ಪತ್ರ ಇರಲೇಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಕರಾರಾಗುತ್ತದೆ ಎಂದು ಅವರು ಬೇಕಾದ ಕಾಗದಗಳ ಪಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟರು.

"ನಾನು ಹಾಕ್ತೀನಿ ಬಿಡಿ ಸಹಿ" ಎಂದೆ.

"ನಿಮ್ದು ನಡಿಯಲ್ಲ ಸರ್. ತಾಯಿಯ ಡೆತ್ ಸರ್ಟಿಫಿಕೇಟ್ ಇಡ್ಬೇಕು, ತಂದೆ ನೋಟರಿ ಎದುರಿಗೆ ಕೂತು ಸೈನ್ ಮಾಡ್ಬೇಕು."

"ಇಷ್ಟು ವರ್ಷ ಸಾಕಿದ್ದು ನಾನಲ್ವಾ?"

ಟೀಚರ್ ಒಳ್ಳೆಯ ಹೆಂಗಸು. "ಕೋರ್ಟಿನ ಕಾಗದ ಏನಾದ್ರೂ ಇದೆಯಾ ಸರ್?" ಎಂದು ಮೆತ್ತಗೆ ಕೇಳಿದರು. ಎಲ್ಲಿಂದ ಬರಬೇಕು ಕಾಗದ? ತಂಗಿಯ ಮಗಳನ್ನು ಸಾಕುವುದಕ್ಕೆ ನಮ್ಮ ಕಡೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆಯೇ? ಮಗು ಮನೆಗೆ ಬಂತು, ಉಂಡಿತು, ಬೆಳೆಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಆ ಪಟ್ಟಿಯನ್ನು ಮಡಚಿ ಜೇಬಿಗೆ ತುರುಕಿದೆ. ಹುಡುಗಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ಪಾಸ್‌ಪೋರ್ಟಿನ ಅರ್ಜಿಗೆ ಬೇಕಾದ ಕಾಗದಗಳನ್ನು ಭಾವ ಸಹಿ ಹಾಕಿ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಆಗ ನನಗೆ ಅವರ ಮುಖ ನೋಡುವ ಪ್ರಸಂಗ ಬರಲಿಲ್ಲ. ಈಗ ಅವರೇ ಬರಬೇಕು. ಫೋನು ಮಾಡಿದೆ. "ಬರ್ತೀನಿ ಭಾವ, ಸೋಮವಾರ" ಎಂದರು, ಅಷ್ಟೆ. ಹೆಂಡತಿ ಭಾನುವಾರವಿಡೀ ಒಳಗೆ ಹೊರಗೆ ಓಡಾಡಿ ಕೊನೆಗೆ ಕೇಳಿದಳು: "ಹೆಣ್ಣು ದೊಡ್ಡದಾಯ್ತು, ಇನ್ನು ಕರ್ಕೊಂಡ್ ಹೋಗ್ತೀನಿ ಅಂದ್ರೆ ಎಂತ ಹೇಳ್ತ್ರಿ?" ಅವರು ಕೇಳಿದರೆ ಇಲ್ಲ ಎನ್ನಲು ನನಗೆ ಯಾವ ಹಕ್ಕೂ ಇಲ್ಲವೆಂದು ಆ ಒಂದು ಪಟ್ಟಿ ತಿಳಿಸಿಕೊಟ್ಟಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ಸೋಮವಾರ ಹೊಸನಗರದ ನೋಟರಿ ಕಚೇರಿಯಲ್ಲಿ ಅಕ್ಕಪಕ್ಕ ಕೂತೆವು. ಭಾವನ ತಲೆ ಪೂರ್ತಿ ಬೆಳ್ಳಗಾಗಿತ್ತು, ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಟೈಪಾಗಿ ಬಂತು. ನೋಟರಿ ವಕೀಲರು ಕನ್ನಡಕ ಏರಿಸಿಕೊಂಡು, "ತಂದೆಯ ಸಹಿ ಇಲ್ಲಿ" ಎಂದು ಬೆರಳಿಟ್ಟು ತೋರಿಸಿದರು.

ನಾನು ಪೆನ್ನು ತೆಗೆದೆ. ಸಹಿ ಹಾಕಿದೆ. ಗೆರೆ ಎಳೆದೆ, ಎರಡು ಚುಕ್ಕೆಯನ್ನೂ ಇಟ್ಟೆ.

"ಎಂತ ಮಾಡಿದ್ರಿ ಮಾರಾಯ್ರೆ!" ಎಂದರು ವಕೀಲರು.

ಬೇಕೆಂದು ಮಾಡಿದ್ದಲ್ಲ. ಒಂದನೇ ತರಗತಿಯಿಂದ ಆ ಹುಡುಗಿಯ ಯಾವ ಕಾಗದ ಬಂದರೂ, ಪ್ರವಾಸದ್ದಿರಲಿ, ಚುಚ್ಚುಮದ್ದಿನದ್ದಿರಲಿ, ಆ ಜಾಗ ಕಂಡ ಕೂಡಲೇ ನನ್ನ ಕೈ ತಾನಾಗಿ ಹೋಗುತ್ತಿತ್ತು. ಭಾವ ಆ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಗದ ಕೆಟ್ಟಿತು, ಹೊಸ ಛಾಪಾ ಕಾಗದ ತರೋಣವೆಂದರೆ ಅದನ್ನು ಕೊಡುವವರು ಊಟಕ್ಕೆ ಬಾಗಿಲು ಹಾಕಿದ್ದರು. ಮೂರು ಗಂಟೆಯವರೆಗೆ ನಾವಿಬ್ಬರೇ.

ಹೋಟೆಲಿನಲ್ಲಿ ಊಟ ಮಾಡಿ, ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಒಂದು ಬಟ್ಟೆ ಅಂಗಡಿಯ ಮುಂದೆ ಭಾವ ನಿಂತರು.

"ಅಲ್ಲಿ ವಿಮಾನದಲ್ಲಿ ಚಳಿ ಇರುತ್ತಂತೆ ಭಾವ. ಒಂದು ಸ್ವೆಟರ್ ತಗೊಳ್ಳಾ ಅಂತ. ಅವ್ಳು ಈಗ ಎಷ್ಟೆತ್ತರ ಇದ್ದಾಳೆ?"

ನಾನು ಕೈಯನ್ನು ನನ್ನ ಭುಜದ ಮಟ್ಟಕ್ಕೆ ಹಿಡಿದು ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು.

"ಅಷ್ಟಾ?" ಎಂದರು. ಆಮೇಲೆ ಬೇರೆ ಕಡೆ ತಿರುಗಿ ಹೇಳಿದರು: "ಬಂದಾಗೆಲ್ಲ ಕೂತೇ ಇರ್ತಾಳೆ. ಎದ್ದು ಹತ್ರ ಬಂದ್ರೆ ತಾನೆ ಗೊತ್ತಾಗೋದು. ಬಾ ಅಂತ ಕರೆಯಕ್ಕೆ ನಂಗೆ ನಾಚಿಕೆ. ಕೊಟ್ಟು ಹೋದವ್ನು ಯಾವ ಬಾಯಲ್ಲಿ ಕರೀಲಿ?"

ಹನ್ನೊಂದು ವರ್ಷ ಈ ಮನುಷ್ಯನನ್ನು ಹಂಗಿಸಿದ ನಾನೇ ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಅಂಗಡಿಯ ಒಳಗೆ ಹೋಗಿ ನೀಲಿ ಬಣ್ಣದ್ದೊಂದು ಆರಿಸಿದೆವು. ಭಾವ ಚಿಕ್ಕದನ್ನು ತೆಗೆದರು, ನಾನು ಅದನ್ನು ವಾಪಸ್ ಇಟ್ಟು ಇನ್ನೊಂದು ಅಳತೆ ದೊಡ್ಡದನ್ನು ಕೊಟ್ಟೆ.

ಮೂರು ಗಂಟೆಗೆ ಹೊಸ ಕಾಗದ ಬಂತು. ಟೈಪು ಮಾಡುವ ಹುಡುಗಿ ಹಳೆಯದನ್ನು ನೋಡಿ ಹೊಡೆಯುತ್ತಿದ್ದಾಗ ಭಾವ ಎದ್ದು ಅವಳ ಹಿಂದೆ ಹೋಗಿ ನಿಂತರು.

"ಕಡೆಗೆ ಒಂದು ಸಾಲು ಸೇರಿಸಮ್ಮ" ಎಂದರು. ನಾನೂ ಎದ್ದು ನಿಂತೆ. ಅವರು ಮನಸ್ಸಿನಲ್ಲೇ ಬರೆದಿಟ್ಟುಕೊಂಡು ಬಂದವರಂತೆ ನಿಧಾನವಾಗಿ ಹೇಳಿದರು: "ನನ್ನ ಮಗಳು ತನ್ನ ಸೋದರಮಾವನ ಮನೆಯಿಂದ ಹೊರಟು, ಪ್ರಯಾಣ ಮುಗಿದ ಮೇಲೆ ಅದೇ ಮನೆಗೆ ವಾಪಸ್ ಬರತಕ್ಕದ್ದು. ಅದೇ ಅವಳ ಮನೆ."

ವಕೀಲರು ತಲೆಯೆತ್ತಿದರು. "ಇದು ಬೇಡ ಇವ್ರೆ. ವಿಮಾನದವರು ಇದನ್ನೆಲ್ಲ ಕೇಳಲ್ಲ."

"ಅವ್ರಿಗಲ್ಲ ಸ್ವಾಮಿ. ಇರ್ಲಿ" ಎಂದರು ಭಾವ. ಸಹಿ ಹಾಕಿ, ಕೆಳಗೆ ಸಾಕ್ಷಿಯ ಜಾಗ ಹುಡುಕಿ ಪೆನ್ನನ್ನು ನನ್ನ ಕೈಗಿಟ್ಟರು. "ಇಲ್ಲಿ ಹಾಕಿ ಭಾವ." ಆ ದಿನ ನನ್ನ ಗೆರೆ ಸೊಟ್ಟಗಾಯಿತು. ಚುಕ್ಕೆ ಇಡುವುದು ಮರೆತೇ ಹೋಯಿತು.

ಅವರು ಸ್ವೆಟರನ್ನು ನನ್ನ ಕೈಗೆ ಕೊಟ್ಟು ನಾಲ್ಕರ ಬಸ್ಸಿಗೆ ತೀರ್ಥಹಳ್ಳಿ ಕಡೆ ಹೋದರು. ಮನೆಯಲ್ಲಿ ಹೆಂಡತಿ ಕಾಗದವನ್ನು ಮೇಲಿನಿಂದ ಓದುತ್ತ ಬಂದು, ಆ ಕೊನೆಯ ಸಾಲನ್ನು ಎರಡು ಸಲ ಓದಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಮನೆಗೆ ಕರ್ಕೊಂಡ್ ಬರ್ಬೋದಿತ್ತಲ್ಲ ಅವ್ರನ್ನ, ಕರೆದ್ರಾ?" ಎಂದಳು. ಇಲ್ಲ, ಕರೆದಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವಾದರೂ, ಬಸ್ಸಿಗೆ ಹೊತ್ತಾಯಿತು ಎಂದಾಗ, ಇವತ್ತು ಇಲ್ಲೇ ಉಳಿಯಿರಿ ಎಂದವನೂ ನಾನಲ್ಲ.

ಹುಡುಗಿ ಸ್ವೆಟರ್ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು. "ಈ ಸಲ ಸರೀ ಆಗಿದೆ ಮಾವ!" ಎಂದಳು. ನಾನು ಆಗಲೇ ಫೋನು ಹಚ್ಚಿದ್ದೆ.

"ಭಾವ, ಬಸ್ಸಲ್ಲಿದ್ದೀರಾ? ಮಗು ಮಲೇಷ್ಯಾದಿಂದ ಬರೋ ದಿನ ನೀವು ಇಲ್ಲಿರ್ಬೇಕು. ಮನೆಯವ್ರನ್ನ, ಮಕ್ಕಳನ್ನ ಎಲ್ಲ ಕರ್ಕೊಂಡ್ ಬನ್ನಿ. ನಾಲ್ಕು ದಿನ ಇದ್ದು ಹೋದ್ರಾಯ್ತು."

ಆ ಕಡೆ ಬಸ್ಸಿನ ಸದ್ದು ಮಾತ್ರ ಕೇಳಿಸುತ್ತಿತ್ತು. ನಾನು ಫೋನನ್ನು ಹುಡುಗಿಯ ಕೈಗೆ ಕೊಟ್ಟೆ.