ಮೈಲಮ್ಮ ಎಣಿಸಿದ ಕುರಿಗಳು

ಹಲವಾಗಲು ಊರಿನಿಂದ ಹೊಳೆದಂಡೆ ಹಿಡಿದು ಅರ್ಧ ತಾಸು ನಡೆದರೆ ಬಂಗಾರಪ್ಪನ ಮನೆ, ಪಕ್ಕದಲ್ಲೇ ಅವನ ಕುರಿರೊಪ್ಪ. ಎದೆಮಟ್ಟದ ಕಲ್ಲುಗೋಡೆ, ಅದರ ಮೇಲೆ ಜಾಲಿಮುಳ್ಳು, ಒಂದು ಸಲಕ್ಕೆ ಒಂದೇ ಕುರಿ ನುಸುಳುವಂಥ ಕಂಡಿ. ಮೈಲಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಮಾತುಕತೆಯ ದಿನ ಅವಳ ಅವ್ವ ಕೇಳಿದ್ದು ಒಂದೇ, ಓದು ಮುಗಿಸಲು ಬಿಡಬೇಕು ಅಂತ. ಬಂಗಾರಪ್ಪ ಎಲೆಅಡಿಕೆ ಕೈಯಲ್ಲಿ ಹಿಡಿದುಕೊಂಡೇ, "ಆತು, ಓದ್ಲಿ. ನಮ್ಮ ಮನ್ಯಾಗ ಸಹಿ ಹಾಕೋರು ಒಬ್ರಾರ ಇರ್ಲಿ" ಎಂದಿದ್ದ.

ಅವಳು ಓದುತ್ತಿದ್ದುದು ಅರ್ಥಶಾಸ್ತ್ರ ಮತ್ತು ತತ್ವಶಾಸ್ತ್ರ, ಎರಡೂ ಒಟ್ಟಿಗೆ. ಹರಪನಹಳ್ಳಿಯ ಆ ಕಾಲೇಜಿನಲ್ಲಿ ಈ ಜೋಡಿ ಹಿಡಿದವರು ಆರೇ ಜನ. ಅತ್ತೆ ಕೆಂಚಕ್ಕ ಮೊದಲ ವಾರವೇ ಕೇಳಿದ್ದಳು, "ತತ್ವಶಾಸ್ತ್ರ ಅಂದ್ರ ಏನ್ಬೇ? ಭಜನಿ ಪದಾನಾ?" ಗಂಡ ಬೀರಲಿಂಗೇಶ್ ಹಲ್ಲುಜ್ಜುತ್ತಾ ನಡುವೆ ಬಾಯಿ ಹಾಕಿದ್ದ: "ಅರ್ಥಶಾಸ್ತ್ರ ರೊಕ್ಕ ಇದ್ದೋರದು, ತತ್ವಶಾಸ್ತ್ರ ರೊಕ್ಕ ಇಲ್ದೋರದು. ನನ್ನ ಹೆಂಡ್ತಿ ಎರಡೂ ಕಡೀಗೆ ಒಂದೊಂದು ಕಾಲು ಇಟ್ಟಾಳ." ಮೈಲಮ್ಮನೂ ನಕ್ಕಿದ್ದಳು. ಆದರೆ ಅವಳಿಗೆ ಆ ಎರಡು ಪುಸ್ತಕಗಳು ಒಂದೇ ಚೀಲದಲ್ಲಿ ಇರಬೇಕಾದವು ಅಂತಲೇ ಅನಿಸುತ್ತಿತ್ತು. ಒಂದು ಪುಸ್ತಕ 'ಎಷ್ಟು?' ಎಂದು ಕೇಳುತ್ತಿತ್ತು. ಇನ್ನೊಂದು, 'ಅಷ್ಟೇ ಅಂತ ನಿನಗೆ ಹೇಗೆ ಗೊತ್ತು?' ಎಂದು ಕೇಳುತ್ತಿತ್ತು.

ಕೊನೆಯ ಸೆಮಿಸ್ಟರ್ ಹೊತ್ತಿಗೆ ಮಡಿಲಲ್ಲಿ ಏಳು ತಿಂಗಳ ಭೂಮಿಕಾ ಇದ್ದಳು. ಬೆಳಿಗ್ಗೆ ಏಳೂ ನಲವತ್ತರ ಬಸ್ಸಿಗೆ ಮೊದಲು ಕೂಸಿಗೆ ಹಾಲೂಡಿಸಿ, ಎಣ್ಣೆ ನೀರು ಮಾಡಿ, ಅತ್ತೆಯ ಕೈಗೆ ಕೊಟ್ಟು ಓಡುವುದು. ಎರಡನೆಯ ಪಾಠದ ಹೊತ್ತಿಗೆ ಕುಪ್ಪಸ ತೊಯ್ದಿರುತ್ತಿತ್ತು. ಮಡಚಿದ ಹಳೆಯ ಧೋತರದ ತುಂಡೊಂದನ್ನು ಅವಳು ನೋಟ್ ಪುಸ್ತಕದಷ್ಟೇ ಮರೆಯದೆ ಒಯ್ಯುತ್ತಿದ್ದಳು.

ಇನ್ನು ಉಳಿದಿದ್ದುದು ಕಿರುಪ್ರಬಂಧ. ಅದನ್ನು ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎರಡೂ ವಿಷಯ ಅದರಲ್ಲಿ ಬರಬೇಕು ಎಂದು ಸುಮಲತಾ ಮೇಡಂ ಹೇಳಿದ್ದರು. ಮೈಲಮ್ಮ ಮನೆಯ ಸಂಗತಿಯನ್ನೇ ಆರಿಸಿಕೊಂಡಳು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಹೊಲದವನು ಜೋಳ ಕೊಡುತ್ತಾನೆ. ಎಷ್ಟು ಕುರಿ ಎಂದು ಅವನು ಕೇಳುವುದಿಲ್ಲ, ಕುರಿಯವನು ಹೇಳುವುದಿಲ್ಲ. ಲೆಕ್ಕವಿಲ್ಲದೆ ಬೆಲೆ ಹೇಗೆ ಕುದುರುತ್ತದೆ? ಪ್ರಶ್ನೆ ಕೇಳಿ ಮೇಡಂ ಕುರ್ಚಿಯಿಂದಲೇ ಎದ್ದಿದ್ದರು. "ಇದು ಪುಸ್ತಕದಾಗ ಸಿಗಂಗಿಲ್ಲ ಮೈಲಮ್ಮ. ಆದ್ರ ನಿಜವಾದ ಸಂಖ್ಯೆ ಬೇಕು. ಅಂದಾಜು ನಡಿಯಂಗಿಲ್ಲ."

ತೊಡಕು ಇದ್ದುದೇ ಅಲ್ಲಿ. ಆ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದ ಹಿಂಡು ಕರಗುತ್ತದೆ ಎಂಬ ನಂಬಿಕೆ. ಸಂಜೆ ಹಿಂಡು ರೊಪ್ಪ ಹೊಗುವಾಗ ಬಂಗಾರಪ್ಪ ಕಂಡಿಯ ಪಕ್ಕ ಸುಮ್ಮನೆ ನಿಲ್ಲುತ್ತಿದ್ದ. ಕೊನೆಯದು ಒಳಗಾದ ಮೇಲೆ, "ಬಿಳಿಮೂತಿದು ಬಂದಿಲ್ಲ, ಹಳ್ಳದಾಗ ನೋಡ್ರಿ" ಎನ್ನುತ್ತಿದ್ದ. ನೋಡಿದರೆ ಬಿಳಿಮೂತಿಯದು ಹಳ್ಳದಲ್ಲೇ ಇರುತ್ತಿತ್ತು. ಸಂಖ್ಯೆ ಮಾತ್ರ ಅವನ ಬಾಯಿಂದ ಯಾರೂ ಕೇಳಿದವರಿಲ್ಲ. ವರ್ಷಕ್ಕೊಮ್ಮೆ ಲಸಿಕೆ ಹಾಕಲು ಬಂದವರಿಗೂ, "ಒಂದೈವತ್ತು ಅದಾವ್ರಿ" ಎಂದು ಹೇಳಿ ಕಳಿಸುತ್ತಿದ್ದ.

ಬಂಗಾರಪ್ಪ ಹರಕೆಗೆಂದು ಉಚ್ಚಂಗಿದುರ್ಗಕ್ಕೆ ಹೋದ ದಿನ ಮೈಲಮ್ಮ ಗಂಡನನ್ನು ಒಪ್ಪಿಸಿದಳು. ಒಂದೇ ಹಿಂಡು ಸಾಲದು, ಹೋಲಿಸಲು ಇನ್ನೊಂದು ಬೇಕಿತ್ತು. ಕೆಂಚಕ್ಕನ ತಮ್ಮ ಮಂಜಣ್ಣ ಹಗರಿಬೊಮ್ಮನಹಳ್ಳಿ ಕಡೆಯಿಂದ ಆ ವಾರವೇ ಮರಳಿ, ಕೂಗಳತೆಯ ಹೊಲದಲ್ಲಿ ಹೊಸದಾಗಿ ರೊಪ್ಪ ಕಟ್ಟಿಕೊಂಡಿದ್ದ. ಎಣಿಸಲು ತಕ್ಕ ಕಂಡಿ ಇದ್ದುದು ಇವರ ರೊಪ್ಪಕ್ಕೆ ಮಾತ್ರ. "ನಿನ್ನವ್ನೂ ಇಲ್ಲಿಗೇ ಹೊಡಕೊಂಡು ಬಾ ಮಾವ, ಅರ್ಧ ದಿನದ ಮಾತು" ಎಂದು ಬೀರಲಿಂಗೇಶ್ ಹೇಳಿಕಳಿಸಿದ. ಕೆಂಚಕ್ಕ ಅಂದು ಸಂತೆಗೆ ಹೋಗಿದ್ದಳು.

ಕೂಸನ್ನು ಬೇವಿನ ಮರದ ಜೋಲಿಯಲ್ಲಿ ಮಲಗಿಸಿ ಮೈಲಮ್ಮ ಕಂಡಿಯ ಬಳಿ ಕುಳಿತಳು. ಒಂದು ಕುರಿ ದಾಟಿದರೆ ಒಂದು ಹುಣಸೆಬೀಜ ಉಡಿಗೆ. ಇವರವು ಇನ್ನೂರಾ ಹನ್ನೆರಡು, ಮಂಜಣ್ಣನವು ನೂರಾ ಅರವತ್ತನಾಲ್ಕು. ಮಂಜಣ್ಣನ ಮರಿಗಳಲ್ಲಿ ಕೆಲವು ಮೂಗು ಸೋರಿಸಿಕೊಂಡು, ಬಾಯಿ ಚಪ್ಪರಿಸುತ್ತಾ ದಾಟಿದವು. "ಏನಾಗ್ಯಾವ ಮಾವ?" ಎಂದು ಕೇಳಿದಳು. "ಥಂಡಿ ಹತ್ಯಾವ ತಗೀಬೇ. ನೀ ಎಣಸು" ಎಂದ. ಓದಿನ ಶಿಸ್ತು ಅವಳ ಕೈಯಲ್ಲಿತ್ತು. ಕೊನೆಯ ಕಾಲಂನಲ್ಲಿ ತಾರೀಖು ಹಾಕಿ ಬರೆದಳು: ಮಂಜಣ್ಣನ ಹಿಂಡು, ಹನ್ನೊಂದು ಮರಿಗೆ ಮೂಗು ಸೋರುತ್ತಿದೆ. ಆಮೇಲೆ ಎರಡೂ ಹಿಂಡು ಬಿಸಿಲು ಇಳಿಯುವ ತನಕ ಅದೇ ರೊಪ್ಪದಲ್ಲಿ ಮೈಗೆ ಮೈ ಉಜ್ಜಿಕೊಂಡು ನಿಂತಿದ್ದವು.

ಆರನೆಯ ದಿನ ಬಿಳಿಮೂತಿಯದು ಮೇಯಲಿಲ್ಲ. ಮಾರನೆಯ ದಿನ ಮೂರು. ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಪಿಸುರು, ಹಿಂದೆ ನೀರು ನೀರು ಭೇದಿ. ಬಂಗಾರಪ್ಪ ಒಂದರ ತುಟಿ ಮಗುಚಿ ನೋಡಿ, "ಹಿರೇಬ್ಯಾನಿ" ಎಂದಷ್ಟೇ ಹೇಳಿ ಕೈ ತೊಳೆದುಕೊಂಡ. ಹಿಂಡಿನಿಂದ ಹಿಂಡಿಗೆ ಹಬ್ಬಿ ಕುರಿ ಕೊಲ್ಲುವ ಬೇನೆ ಅದು. ಹತ್ತನೆಯ ದಿನಕ್ಕೆ ಹೊಳೆಯ ಮರಳಿನಲ್ಲಿ ಬೀರಲಿಂಗೇಶ್ ತೋಡಿದ ಮೊದಲ ಗುಂಡಿ ತುಂಬಿ, ಎರಡನೆಯದು ತೋಡಬೇಕಾಯಿತು.

"ಎಲ್ಲೂ ಹೋಗಿಲ್ಲ, ಯಾರ ಹಿಂಡಿಗೂ ಕೂಡಿಲ್ಲ. ನಮಗ್ಯಾಕ ಬಂತು ಇದು?" ಎಂದು ಬಂಗಾರಪ್ಪ ಮತ್ತೆ ಮತ್ತೆ ಕೇಳಿದ. ಕಡೆಗೆ ಬೀರಲಿಂಗೇಶ್ ನೆಲ ನೋಡುತ್ತಾ ಅರ್ಧ ಸತ್ಯ ಹೇಳಿದ. "ಅಪ್ಪಾ, ನಾವು ಎಣಸಿದ್ವಿ. ಅಕೀ ಬರಿಯಾಕ ಬೇಕಂದ್ಳು."

ಕೆಂಚಕ್ಕ ಎದೆ ಹಿಡಿದುಕೊಂಡು ಕುಸಿದಳು. "ಎಣಸಿದ್ರಿ? ಎಣಸಿ ಬರದೂ ಇಟ್ರಿ? ಮಕ್ಕಳನ್ನ ಹೆತ್ತಾಕೀಗೆ ಇಷ್ಟು ತಿಳಿಬಾರ್ದೇನ್ಬೇ?"

ಬಂಗಾರಪ್ಪ ಬೈಯಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ತೀರ್ಮಾನ ಹೇಳಿದ. "ಆ ಎಣಿಕಿ ಪುಸ್ತಕ ಒಲಿಗೆ ಹಾಕು. ಈ ರೊಪ್ಪದಾಗ ಎಣಿಕಿ ಕುಂತೈತಿ. ನಾಳಿ ಚೊಲೋ ಇರೋವನ್ನ ಮಂಜಣ್ಣನ ರೊಪ್ಪಕ್ಕ ಹೊಡಕೊಂಡು ಹೋಗೋಣು."

"ಮತ್ತ ನನ್ನ ಕಾಲೇಜು, ಮಾವ?"

"ಪುಸ್ತಕ ಸುಟ್ಟು ಹೋಗು. ಯಾರು ಬ್ಯಾಡ ಅಂದಾರ? ಮಾತು ಕೊಟ್ಟೀನಿ."

ಮೈಲಮ್ಮ ಒಲೆಯ ಮುಂದೆ ಕುಳಿತಳು. ಭೂಮಿಕಾ ತೊಡೆಯ ಮೇಲೆ ಹಾಲು ಕುಡಿಯುತ್ತಿದ್ದಳು, ಪಕ್ಕದಲ್ಲಿ ನೋಟ್ ಪುಸ್ತಕ. ಒಪ್ಪಿಸಲು ಇನ್ನೂ ಮೂರು ದಿನವಿತ್ತು. ಸುಟ್ಟರೂ ಪ್ರಬಂಧಕ್ಕೆ ಅಡ್ಡಿಯಿರಲಿಲ್ಲ. ಅವಳಿಗೆ ಸಂಖ್ಯೆಗಳು ಬಾಯಿಪಾಠವಾಗಿದ್ದವು, ಬಸ್ಸಿನಲ್ಲೇ ಬರೆದುಕೊಳ್ಳಬಹುದು. ತಪ್ಪು ಎಣಿಕೆಯದು ಅಂತಾಗುತ್ತದೆ, ಒಂದು ಕಾಯಿ ಒಡೆದರೆ ಮುಗಿಯುತ್ತದೆ, ಶನಿವಾರ ಅವಳು ಹರಪನಹಳ್ಳಿಯಲ್ಲಿರುತ್ತಾಳೆ. ಸುಮ್ಮನಿದ್ದರೆ ಸಾಕಿತ್ತು.

ಆದರೆ ಕೊನೆಯ ಕಾಲಂ ಅವಳನ್ನು ಬಿಡಲಿಲ್ಲ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ ಎಂದು ಕಳೆದ ವರ್ಷ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಎಣಿಕೆಯಿಂದ ಕುರಿ ಸಾಯುವುದಿಲ್ಲ ಎಂದು ಸಾಧಿಸುವುದು ಸುಲಭ. ಆದರೆ ಅದನ್ನು ಸಾಧಿಸಿದ ಕೂಡಲೇ ಉಳಿಯುವುದು ಇನ್ನೊಂದೇ ಕಾರಣ. ಆ ಹನ್ನೊಂದು ಮರಿಗಳನ್ನು ಈ ರೊಪ್ಪದೊಳಗೆ ಕರೆಸಿದ್ದು ತಾನು. ಮೂಢನಂಬಿಕೆ ಅವಳನ್ನು ಕಾಯುತ್ತಿತ್ತು, ಓದು ಕಾಯುವಂತಿರಲಿಲ್ಲ. ಮಾವ ನಾಳೆ ಉಳಿದ ಕುರಿಗಳನ್ನು ಅಟ್ಟಲು ಹೊರಟಿದ್ದುದು ಅದೇ ಬೇನೆಯ ಬಾಯಿಗೆ.

ಬೆಳಿಗ್ಗೆ ಬಂಗಾರಪ್ಪ ಕಂಡಿಯ ಮುಳ್ಳು ಸರಿಸಲು ಬಗ್ಗಿದಾಗ ಅವಳು ಅಡ್ಡ ನಿಂತಳು.

"ಮಾವ, ಅಲ್ಲಿಗೆ ಹೊಡಿಬ್ಯಾಡ್ರಿ. ಬ್ಯಾನಿ ಬಂದಿದ್ದು ಎಣಿಕಿಯಿಂದ ಅಲ್ಲ. ಮಂಜಣ್ಣ ಮಾವನ ಕುರಿ ಅರ್ಧ ದಿನ ಈ ರೊಪ್ಪದಾಗ ಇದ್ವು. ನಾನ ಕರಸಿದ್ದೆ. ಅವತ್ತೇ ಮೂಗು ಸೋರ್ತಿದ್ವು. ನೋಡ್ರಿ, ಬರದೀನಿ."

"ನನ್ನ ತವರಿನ ಮ್ಯಾಲೆ ಹಾಕ್ತೀಯೇನ್ಬೇ?" ಕೆಂಚಕ್ಕ ಕೂಸನ್ನು ಎತ್ತಿಕೊಂಡೇ ಓಡಿಬಂದಳು. "ನೀ ಮಾಡಿದ್ದು ಮುಚ್ಚಾಕ ನನ್ನ ತಮ್ಮನ್ನ ಹಿಡದ್ಯಾ?"

"ಅತ್ತಿ, ಮಂಜಣ್ಣ ಮಾವಂದು ತಪ್ಪು ಅಂತ ಎಲ್ಲಿ ಅಂದೆ? ಕರಸಿದಾಕಿ ನಾನು ಅಂದೆ."

ಬಂಗಾರಪ್ಪ ಮಗನ ಕಡೆ ತಿರುಗಿದ. "ಖರೇನಲೇ?"

ಬೀರಲಿಂಗೇಶ್ ತಲೆ ಆಡಿಸಿದ.

ಮುಳ್ಳಿನ ಕಂಟಿಯನ್ನು ಬಂಗಾರಪ್ಪ ತಿರುಗಿ ಕಂಡಿಗೆ ಒತ್ತಿದ. ಕೈ ಗೀರಿ ರಕ್ತ ಬಂದದ್ದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ. "ಎಣಿಕಿ ಆಗಿದ್ರ ದೇವರ ಮುಂದ ಕುಂದ್ರತಿದ್ದೆ. ಇದು ನಮ್ಮ ಕೈಯಾರ ಆಗೈತಿ. ಇನ್ನ ಯಾರ ಮುಂದ ಕುಂದ್ರಲಿ?" ಎಂದ. ಮತ್ತೆ ದನಿ ಏರಿಸದೆ, "ನೀ ಇನ್ನ ಆ ಬಸ್ಸು ಹತ್ತಬ್ಯಾಡ" ಎಂದ. ಆಮೇಲೆ ಮಗನನ್ನು ದನದ ಡಾಕ್ಟರನ್ನು ಕರೆತರಲು ಅಟ್ಟಿದ. ಮಧ್ಯಾಹ್ನ ಹೋಗಿ ನೋಡಿದರೆ ಮಂಜಣ್ಣನ ರೊಪ್ಪದ ಹಿಂದೆ ಹಸಿಮಣ್ಣಿನ ದಿಬ್ಬಗಳಿದ್ದವು. ಸತ್ತದ್ದನ್ನು ಅವನೂ ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ಬಂದದ್ದು ಶನಿವಾರ, ಬಿಸಿಲೇರುವ ಮೊದಲೇ. ಬೇನೆ ಹತ್ತಿದವನ್ನು ಬೇರೆ ಮಾಡಿಸಿ, ಬೂಟಿನ ಕೆಸರು ಕಲ್ಲಿಗೆ ಉಜ್ಜುತ್ತಾ ಕೇಳಿದರು. "ಚೊಲೋ ಇರೋವು ಎಷ್ಟು? ಲಸಿಕೆ ಬಾಟ್ಲಿ ಒಡದ್ರ ಒಂದೆರಡು ತಾಸಿನಾಗ ಮುಗಸ್ಬೇಕು. ಸರಿಯಾಗಿ ಹೇಳ್ರಿ."

ಬಂಗಾರಪ್ಪ ಕಂಡಿಗೆ ಅಡ್ಡ ನಿಂತು ಹಿಂಡಿನ ಕಡೆ ತಿರುಗಿದ.

ಡಾಕ್ಟರು ರಿಜಿಸ್ಟರ್ ಮಗುಚಿದರು. "ಹೋದ ವರ್ಷ ಐವತ್ತು ಅಂತ ಬರಸೀರಿ. ಐವತ್ತಕ್ಕ ಲಸಿಕೆ ಹಾಕ್ಯಾರ. ಇಲ್ಲಿ ನೋಡಿದ್ರ ನೂರರ ಮ್ಯಾಲೆ ಅದಾವಲ್ರಿ. ಮಿಕ್ಕವಕ್ಕ?"

ಎಣಿಸಿದ್ದರೆ ಎಲ್ಲಕ್ಕೂ ಲಸಿಕೆ ಬೀಳುತ್ತಿತ್ತು ಎಂಬ ಮಾತು ಮೈಲಮ್ಮನ ನಾಲಿಗೆಗೆ ಬಂತು. ಆದರೆ ಮಾವನ ಮುಖ ನೋಡಿ ಅದನ್ನು ನುಂಗಿದಳು. ಲಸಿಕೆ ಬಿದ್ದ ಆ ಐವತ್ತು ಯಾವುವು ಎಂದು, ಪ್ರತಿ ಕುರಿಯ ಮೋರೆ ಬಲ್ಲ ಬಂಗಾರಪ್ಪ ಹಿಂಡಿನಲ್ಲಿ ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ. ಕೊನೆಗೆ ಕಂಡಿಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಮೈಲಮ್ಮ, ನೀನ ಎಣಸವ್ವ."

ಅವಳು ಬೀಜಗಳನ್ನು ತಂದು ಅದೇ ಕಲ್ಲಿನ ಮೇಲೆ ಕುಳಿತಳು. ಈ ಸಲ ಬಾಯಿಬಿಟ್ಟೇ ಎಣಿಸಿದಳು. ಕೆಂಚಕ್ಕ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು. ನಡುವೆ ದೂರದ ರಸ್ತೆಯಲ್ಲಿ ಏಳೂ ನಲವತ್ತರ ಬಸ್ಸು ಹಾರ್ನ್ ಹೊಡೆದು ಹೋಯಿತು. ಎಂಬತ್ತಾರೋ ಎಂಬತ್ತೇಳೋ ಎಂದು ಅವಳು ಒಂದು ಕ್ಷಣ ತಡವರಿಸಿದಳು. ಉಡಿಯ ಬೀಜ ಮುಟ್ಟಿ ನೋಡಿ ಮುಂದುವರಿದಳು.

"ನೂರಾ ಮೂವತ್ತೊಂದು, ಸರ್."

"ಯಾರಾರ ಒಬ್ರು ಇಲ್ಲಿ ಸಹಿ ಹಾಕ್ರಿ."

ಬೀರಲಿಂಗೇಶ್ ಹೆಬ್ಬೆರಳು ಮುಂದೆ ಚಾಚಿದ. ಬಂಗಾರಪ್ಪ ಅವನ ಕೈ ಹಿಡಿದು ಹಿಂದಕ್ಕೆಳೆದು, ಪೆನ್ನನ್ನು ಸೊಸೆಗೆ ಕೊಟ್ಟ. ಅವಳ ಮುಖ ಮಾತ್ರ ನೋಡಲಿಲ್ಲ. ಮೈಲಮ್ಮ ಸಹಿ ಹಾಕಿ ತಾರೀಖು ಬರೆದಳು. ಪ್ರಬಂಧ ಒಪ್ಪಿಸಬೇಕಿದ್ದ ತಾರೀಖು ಅದು. ಆಮೇಲೆ ಸೀಗೆಪುಡಿ ಹಾಕಿ ಮೊಣಕೈವರೆಗೆ ಎರಡೆರಡು ಸಲ ಕೈ ತೊಳೆದು, ಅತ್ತೆಯ ಹೆಗಲ ಮೇಲೆ ಅಳುತ್ತಿದ್ದ ಕೂಸನ್ನು ತೆಗೆದುಕೊಂಡಳು. ಕೆಂಚಕ್ಕ ಕೂಸನ್ನು ಬಿಟ್ಟುಕೊಟ್ಟಳು.