ಕರಾಚಿಗೆ ಹೋದ ಹೆಸರು

ದಾವಲಬಿಗೆ ಬಾಗಿಲು ಬಡಿದ ಸದ್ದು ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಸವಣೂರಿನಲ್ಲಿ ಅವಳನ್ನು ಬಲ್ಲ ನಾವೆಲ್ಲ ಓಣಿಯ ತುದಿಯಿಂದಲೇ ಹೆಸರು ಹೇಳಿ ಕೂಗುತ್ತ ಹೋಗುತ್ತಿದ್ದೆವು.

ಇದು ಶುರುವಾದದ್ದು 1971ರ ಡಿಸೆಂಬರಿನಲ್ಲಿ. ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು. ಅವಳ ಗಂಡ ಖಾದರಸಾಬ ವೀಳ್ಯದೆಲೆಯ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸದವನು. ಒಂದು ಮಧ್ಯಾಹ್ನ ಇಬ್ಬರು ಬಂದು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ದಾವಲಬಿಯ ತಂಗಿ ಶಾಕೀರಾ ಮದುವೆಯಾಗಿ ಕರಾಚಿಗೆ ಹೋಗಿದ್ದಳು, ಅವಳ ಕಾಗದಗಳು ಮನೆಯಲ್ಲಿದ್ದವು. ಅವನ ತಪ್ಪು ಅಷ್ಟೇ. ಮೂರನೆಯ ದಿನ ಒಬ್ಬನೇ ನಡೆದುಕೊಂಡು ತಿರುಗಿ ಬಂದ. ಎಲ್ಲಿಗೆ ಒಯ್ದಿದ್ದರು, ಏನು ಕೇಳಿದರು, ಸಾಯುವವರೆಗೂ ಬಾಯಿ ಬಿಡಲಿಲ್ಲ. ನೀರೊಲೆಯ ಮುಂದೆ ಕುಳಿತು ಹದಿನಾರು ವರ್ಷದ ಕಾಗದಗಳನ್ನು ಒಂದೊಂದಾಗಿ ಉರಿಗೆ ಹಾಕಿದ. ಶಾಕೀರಾಳ ಮದುವೆಯ ಫೋಟೋ ಹಾಕುವಾಗ ದಾವಲಬಿ ಅವನ ಕೈ ಹಿಡಿದಳು.

"ಇದೊಂದ ಇರಲಿ."

"ಇದೊಂದಕ್ಕ ನಾ ಮತ್ತ ಅಲ್ಲಿಗೆ ಹೋಗಬೇಕೇನು?"

ಅವಳು ಕೈ ಬಿಟ್ಟಳು.

ಎರಡು ದೇಶಗಳ ನಡುವೆ ಟಪಾಲು ಮತ್ತೆ ಶುರುವಾದದ್ದು ಎಪ್ಪತ್ನಾಲ್ಕರಲ್ಲಿ. ಕರಾಚಿಯಿಂದ ಮೊದಲ ಕಾಗದ ಬಂದಾಗ ಖಾದರಸಾಬ ಅದನ್ನು ಮುಟ್ಟಲೂ ಇಲ್ಲ. "ಇಂಥಾವರು ಇಲ್ಲಿಲ್ಲಂತ ಬರದು ವಾಪಸ್ ಕಳಸ್ರಿ" ಎಂದು ಪೋಸ್ಟಮನ್ನನಿಗೆ ಹೇಳಿದ. ಹಾಗೆ ಐದು ಕಾಗದ ತಿರುಗಿ ಹೋದವು. ಎಪ್ಪತ್ತೆಂಟರಲ್ಲಿ ಅವನು ತೀರಿಕೊಂಡು, ದಾವಲಬಿ ಎಲೆ ಮಾರಿ ಬದುಕತೊಡಗಿದ ಮೇಲೆ ಆರನೆಯದು ಬಂತು. ದಾವಲಬಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಸೋದರತ್ತೆ ಕೃಷ್ಣಾಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಶಾಕೀರಾಳಿಗೆ ಅಕ್ಷರ ತಿದ್ದಿಸಿದವಳು ಅವಳೇ. ಹಾಗಾಗಿ ಕರಾಚಿಯ ಕಾಗದ ಕನ್ನಡದಲ್ಲಿತ್ತು, ಒಂದೂವರೆ ಸಾಲು. ಆಪಾ, ಬದುಕಿದ್ದೀಯಾ? ಇದ್ದರೆ ಹೂಂ ಅಂತ ಬರೆಸು.

"ಹೂಂ ಅಂತ ಬರೀರಿ ಅಕ್ಕಾರ," ಎಂದಳು ದಾವಲಬಿ, ಕಿಟಕಿಯ ಕಡೆ ನೋಡುತ್ತ. "ಅಷ್ಟ ಬರೀರಿ. ನನ್ನ ಹೆಸರ ಹಾಕಬ್ಯಾಡ್ರಿ."

ವರ್ಷಕ್ಕೆ ಎರಡು ಮೂರು ಕಾಗದ, ಹವಾ ಪಾನಿ, ಮಳೆ ಬಿಸಿಲು ಬಿಟ್ಟು ಬೇರೆ ಮಾತಿಲ್ಲ. ಐದು ವರ್ಷ ಹೀಗೆ ನಡೆಯಿತು. 1983ರ ಫೆಬ್ರುವರಿಯಲ್ಲಿ ಶಾಕೀರಾಳೇ ಬಂದಳು, ಇಪ್ಪತ್ತೆಂಟು ವರ್ಷದ ಮೇಲೆ. ಇಪ್ಪತ್ತೊಂದು ದಿನದ ವೀಸಾ. ಅದರಲ್ಲಿ ಸವಣೂರಿನ ಹೆಸರು ಬಿಟ್ಟು ಬೇರೆ ಊರಿಲ್ಲ. ಶಿಗ್ಗಾವಿಯ ಸಂತೆಗೆ ಹೋದರೂ ಅಪರಾಧ. ಬಂದ ದಿನವೇ ಠಾಣೆಗೆ ಹೋಗಿ ಹೆಸರು ಬರೆಸಿದ್ದಾಯಿತು. ದಿನವೂ ಒಬ್ಬ ಪೊಲೀಸ ಬಾಗಿಲಿಗೆ ಬಂದು ಶಾಕೀರಾಳ ಮುಖ ನೋಡಿ ಹೋಗುತ್ತಿದ್ದ. ಪಕ್ಕದ ಮನೆಯ ಚಮನಬಿ ತನ್ನ ಮಕ್ಕಳನ್ನು ಅಂಗಳಕ್ಕೆ ಬಿಡುವುದನ್ನು ನಿಲ್ಲಿಸಿದಳು. ದಾವಲಬಿ ಕೊಡ ಹಿಡಿದು ಹೋದರೆ ನಳದ ಹತ್ತಿರ ಮಾತು ನಿಲ್ಲುತ್ತಿತ್ತು.

ನಾಲ್ಕನೆಯ ದಿನ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಮುದುಕ ಬಂದು ಕೂತ. ತಲೆಗೆ ಪಟಕಾ, ದೋತರ, ಕಂಕುಳಲ್ಲಿ ಕೈಚೀಲ. ಸಂಜೆಯ ಬಸ್ಸಿನ ಹೊತ್ತಿನವರೆಗೆ ಈ ಮನೆಯನ್ನೇ ನೋಡಿದ, ಎದ್ದು ಹೋದ. ಮರುದಿನ ಮತ್ತೆ ಬಂದ.

"ಸಿಐಡಿ ಇರಬೇಕು," ಎಂದು ದಾವಲಬಿ ತಂಗಿಗೆ ಪಿಸುಗುಟ್ಟಿದಳು. ಒಲೆ ಹೊತ್ತಿಸಲಿಲ್ಲ. ಇಬ್ಬರೂ ಚುರುಮುರಿ ತಿಂದು ದಿನ ಕಳೆದರು.

ಮೂರನೆಯ ದಿನ ಅವನು ಎದ್ದು ಬಂದು ಬಾಗಿಲು ಬಡಿದ. ದಾವಲಬಿ ತಂಗಿಯನ್ನು ಅಡುಗೆಮನೆಗೆ ನೂಕಿ, ಸರಪಳಿ ಬಿಚ್ಚದೆ ಸಂದಿಯಲ್ಲಿ ನೋಡಿದಳು.

"ಯಾರು?"

"ನಾ ಹಿರೇಕೆರೂರ ಕಡ್ಯಾಂವ್ರಿ ಯವ್ವಾ, ಶಿದ್ಲಿಂಗಪ್ಪ ಅಂತ. ಆ ದೇಶದಿಂದ ಬಂದಾರಲ್ಲ, ಅವರ ಜೋಡಿ ಒಂದ ಮಾತ ಆಡೂದೈತಿ."

"ಆಕಿ ಯಾರ ಜೋಡೀನೂ ಮಾತಾಡಂಗಿಲ್ಲ. ಹೋಗ್ರಿ."

"ಮೂರ ದಿನಾ ಆತ್ರಿ, ಬಾಗಲಾ ಬಡ್ಯಾಕ ಧೈರ್ಯ ಸಾಲಲಿಲ್ಲ. ನೀವು ಅಂಜಿದಂಗ ನಾನೂ ಅಂಜೇನಿ."

ಹಾಗನ್ನುತ್ತಲೇ ಅವನು ಓಣಿಯ ಎರಡೂ ತುದಿಯನ್ನು ತಿರುತಿರುಗಿ ನೋಡಿದ. ತನಗಿಂತ ಹೆಚ್ಚು ಅಂಜಿದ ಗಂಡಸನ್ನು ದಾವಲಬಿ ಅಲ್ಲಿಯವರೆಗೆ ಒಬ್ಬನನ್ನೇ ನೋಡಿದ್ದಳು, ಅವನು ನೀರೊಲೆಯ ಮುಂದೆ ಕೂತಿದ್ದ. ಸರಪಳಿ ಬಿಚ್ಚಿದಳು.

ಶಿದ್ಲಿಂಗಪ್ಪನ ಮಗ ನೀಲಪ್ಪ ಮಿಲಿಟರಿಯಲ್ಲಿದ್ದ. ಅದೇ ಡಿಸೆಂಬರಿನಲ್ಲಿ, ಪಶ್ಚಿಮದ ಗಡಿಯಲ್ಲಿ, ಕಾಣೆಯಾಗಿದ್ದಾನೆ ಎಂದು ತಾರು ಬಂದಿತ್ತು. ಹೆಣ ಬರಲಿಲ್ಲ, ಅಂಗಿಯ ಗುಂಡಿಯೂ ಬರಲಿಲ್ಲ. ಅಂಥ ಕೆಲವರು ಆ ಕಡೆಯ ಜೇಲುಗಳಲ್ಲಿ ಇರಬಹುದೆಂದು ಯಾರೋ ಪೇಪರ್ ಓದಿ ಹೇಳಿದ್ದರು.

"ಇದ್ದಾನೋ ಇಲ್ಲೋ ಅಷ್ಟ ಕೇಳ್ರಿ ತಾಯಿ," ಎಂದು ಅವನು ಒಂದು ಚೀಟಿ ಚಾಚಿದ. ಮಗನ ಹೆಸರು, ನಂಬರು. "ಹನ್ನೊಂದ ವರ್ಷ ಆತು. ದಿವಸಾ ಮಾಡಾಕ ಅವರವ್ವ ಒಪ್ಪವಲ್ಲಳು."

ಅಡುಗೆಮನೆಯಿಂದ ಬಂದಿದ್ದ ಶಾಕೀರಾ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಸವಣೂರಿನ ಕನ್ನಡ ಒಂದಿಷ್ಟೂ ಬದಲಾಗಿರಲಿಲ್ಲ.

"ಯಜಮಾನ್ರ, ಈ ಚೀಟಿ ನನ್ನ ಹಂತೇಕ ಸಿಕ್ಕರ ಅಲ್ಲಿ ನನ್ನ ಹಿಡೀತಾರ. ಹಿಂದೂಸ್ತಾನದಾಕಿ, ಬೇಹುಗಾರ್ತಿ ಅಂತಾರ. ನಂಗ ಮೂರ ಮಕ್ಕಳದಾವ್ರಿ."

ಮುದುಕ ಅವಳನ್ನು ನೋಡಿದ. "ಅಲ್ಲೂ ಹಿಂಗನ?"

"ಅಲ್ಲೂ ಹಿಂಗನ."

ಅಷ್ಟರಲ್ಲಿ ದಿನದ ಪೊಲೀಸ ಬಾಗಿಲಲ್ಲಿ ನಿಂತಿದ್ದ. "ಯಾರಿವ್ರು?"

ಎಲೆ ಕೊಳ್ಳಲು ಬಂದವರು ಎಂಬ ಮಾತು ದಾವಲಬಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಯಾಕೆ ಹೇಳಲಿಲ್ಲ ಎಂದು ಬಹಳ ವರ್ಷದ ಮೇಲೆ ನಾನು ಕೇಳಿದೆ. "ಸುಳ್ಳ ಹೇಳಿದ್ರ ದಿನಾ ಅಂಜಬೇಕಿತ್ತು. ಖರೇ ಹೇಳಿದ್ರ ಇವತ್ತ ಅಂಜಿದ್ರ ಮುಗೀತು ಅಂತ ತಿಳಕೊಂಡೆ," ಅಂದಳು. ಆಮೇಲೆ ತಾನೇ, "ಮುಗೀಲಿಲ್ಲ ಬಿಡು," ಅಂದಳು. ಆ ದಿನ ಅವಳು ಪೊಲೀಸನಿಗೆ ಹೇಳಿದ್ದು ಇಷ್ಟೇ: "ಇವರ ಮಗ ಕಾಣವಲ್ಲ. ಕೇಳಾಕ ಬಂದಾರ. ನಾಳೆ ಠಾಣೇಕ ನಾವ ಬಂದು ಹೇಳ್ತೇವಿ."

ಮರುದಿನ ದಾವಲಬಿ ಕೃಷ್ಣಾಬಾಯಿಯನ್ನು ಕರೆಯಲು ಬಂದಾಗ ನಮ್ಮ ಅಪ್ಪ ಅಡ್ಡ ನಿಂತ. "ನಿನ್ನ ನೌಕರಿ ಹೋಗ್ತದ, ತಿಳೀತೇನು?" ಅತ್ತೆ ಚಪ್ಪಲಿ ಮೆಟ್ಟಿದಳು. ಎಡಗಾಲಿನದು ಬಲಗಾಲಿಗೆ ಹಾಕಿಕೊಂಡು, ಮತ್ತೆ ಸರಿಮಾಡಿಕೊಂಡಳು.

ಠಾಣೆಯಲ್ಲಿ ಸಾಹೇಬರು ಶಾಕೀರಾಳ ಪಾಸಪೋರ್ಟನ್ನು ಟೇಬಲ್ಲಿನ ಖಾನೆಯಲ್ಲಿ ಹಾಕಿ ಕೀಲಿ ತಿರುವಿದರು. ಹತ್ತು ಗಂಟೆಯಿಂದ ನಾಲ್ಕರವರೆಗೆ ಅಕ್ಕತಂಗಿ, ಅತ್ತೆ, ಶಿದ್ಲಿಂಗಪ್ಪ ನಾಲ್ವರೂ ಬೆಂಚಿನ ಮೇಲೆ ಕೂತರು. ಫೋನು ಗಣಗುಟ್ಟಿದಾಗಲೆಲ್ಲ ದಾವಲಬಿ ತಂಗಿಯ ಮಣಿಕಟ್ಟು ಹಿಡಿಯುತ್ತಿದ್ದಳು. ಉಗುರು ಊರಿ ರಕ್ತ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಇಂಥಾದ್ದನ್ನ ಯಾರರ ಬಂದು ಹೇಳತಾರೇನ್ರಿ?" ಎಂದು ಕೊನೆಗೆ ಸಾಹೇಬರು ಸಿಟ್ಟಾದರು. "ಈಗ ಏನಂತ ಬರಕೊಳ್ಳಲಿ ನಾನು?"

"ಮುದುಕಾ ಮಗನ್ನ ಹುಡುಕಲಿಕ್ಕತ್ತಾನ ಅಂತ ಬರಕೋರಿ," ಎಂದಳು ಕೃಷ್ಣಾಬಾಯಿ. "ಅದರಾಗ ಮುಚ್ಚಿಡೂದೇನದ?"

ಅವರು ಬರೆದುಕೊಂಡರು. ದಾವಲಬಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಪಾಸಪೋರ್ಟು ತಿರುಗಿ ಕೊಟ್ಟರು. "ನಾ ಹೂಂ ಅಂದಿಲ್ಲ. ಬ್ಯಾಡಂತನೂ ಅಂದಿಲ್ಲ."

ಮರುದಿನ ಬೆಳಿಗ್ಗೆ ಹೆಂಚಿನ ಮೇಲೆ ಕಲ್ಲು ಬಿದ್ದವು, ಮೂರು. ಎಸೆದವರು ಯಾರೆಂದು ತಿಳಿಯಲಿಲ್ಲ. ಒಡೆದ ಹೆಂಚಿನಿಂದ ಬಿಸಿಲು ಬೀಳುತ್ತಿದ್ದ ಕೋಣೆಯಲ್ಲಿ ಎಲೆಯ ಕಟ್ಟು ಕಟ್ಟುತ್ತ, ಶಾಕೀರಾ ನೀಲಪ್ಪನ ಹೆಸರನ್ನೂ ನಂಬರನ್ನೂ ಬಾಯಿಪಾಠ ಮಾಡಿದಳು. ಚೀಟಿಯನ್ನು ಶಿದ್ಲಿಂಗಪ್ಪನಿಗೇ ತಿರುಗಿ ಕೊಟ್ಟಳು. ವೀಸಾದ ದಿನ ಮುಗಿಯಿತು, ಹೋದಳು.

ಆಮೇಲೆ ಹನ್ನೊಂದು ತಿಂಗಳು ಕಾಗದವಿಲ್ಲ. ದಾವಲಬಿ ಮೂರು ಸಲ ಬರೆಸಿದಳು, ಉತ್ತರವಿಲ್ಲ. ತಂಗಿ ಜೇಲಿನಲ್ಲಿದ್ದಾಳೆ, ತಾನೇ ತಳ್ಳಿದೆ ಎಂಬುದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. ಊಟ ಸೇರದೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕೇಳಲು ಬಂದ ಶಿದ್ಲಿಂಗಪ್ಪನ ಮೇಲೆ ಹರಿಹಾಯ್ದಳು. "ನಿಮ್ಮ ಮಗನ್ನ ಹುಡಕಾಕ ಹೋಗಿ ನನ್ನ ತಂಗೀನ್ನ ಕಳಕೊಂಡೆ! ಇನ್ನ ಏನ ಬೇಕ ನಿಮಗ?" ಅವನು ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಹೋದ. ಮುಂದಿನ ತಿಂಗಳೂ ಬಂದು ಕೂತ.

1984ರ ಜನವರಿಯಲ್ಲಿ ಕಾಗದ ಬಂತು. ನೀಲಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಲು ಶಾಕೀರಾಳಿಗೆ ಅರ್ಧ ವರ್ಷ ಧೈರ್ಯ ಬಂದಿರಲಿಲ್ಲ. ಅದನ್ನು ಹೇಳದೆ ಅಕ್ಕನಿಗೆ ಏನು ಬರೆಯುವುದೂ ತಿಳಿದಿರಲಿಲ್ಲ. ಕೊನೆಗೆ ಕರಾಚಿಯ ಒಬ್ಬ ಡಾಕ್ಟರಮ್ಮನಿಗೆ ಹೇಳಿದ್ದಳು. ಆಕೆ ಮತ್ತು ಕೆಲವು ಹೆಂಗಸರು ಜೇಲಿಗೆ ಬಟ್ಟೆ, ಔಷಧ ಒಯ್ಯುತ್ತಿದ್ದರು. ಅವರು ವಿಚಾರಿಸಿದರು. ನೀಲಪ್ಪ ಎಂಬವನು ಅಲ್ಲಿರಲಿಲ್ಲ. ಗಡಿ ದಾಟಿ ಸಿಕ್ಕಿಬಿದ್ದ ಇಬ್ಬರು ಗುಜರಾತಿನ ಮೀನುಗಾರರಿದ್ದರು, ಬದುಕಿರುವುದು ಮನೆಗೆ ತಿಳಿದಿಲ್ಲ. ಅವರ ಊರು, ಹೆಸರು ಕೊನೆಯಲ್ಲಿ ಬರೆದಿತ್ತು. ನಮ್ಮ ಕಡೆಯವರೂ ನಿಮ್ಮ ಜೇಲುಗಳಲ್ಲಿದ್ದಾರೆ, ನೀವು ಕೇಳಿ ಹೇಳುತ್ತೀರಾ ಎಂದು ಆ ಹೆಂಗಸರು ಕೇಳಿದ್ದೂ ಇತ್ತು.

ಕೃಷ್ಣಾಬಾಯಿ ಓದಿ ಮುಗಿಸಿದ ಮೇಲೆ ಯಾರೂ ಶಿದ್ಲಿಂಗಪ್ಪನ ಮುಖ ನೋಡಲಿಲ್ಲ.

"ಆ ಜೇಲಿನ್ಯಾಗ ಇಲ್ಲ, ಅಷ್ಟ ಆತಲ್ಲ," ಎಂದ ಅವನು. ಆಮೇಲೆ ಕಾಗದದ ಕಡೆ ಕೈ ಮಾಡಿ, "ಆ ಇಬ್ಬರ ಮನೀಗೆ ಬರೀರಿ ಅಕ್ಕಾರ. ಅವರವ್ವಗೋಳು ಕಾಯತಿರತಾರ," ಎಂದ.

ಹೀಗೆ ಆ ಕೆಲಸ ಶುರುವಾಯಿತು. ಅದಕ್ಕೊಂದು ಹೆಸರಿರಲಿಲ್ಲ, ಬೋರ್ಡು ಇರಲಿಲ್ಲ. ಹಾನಗಲ್ಲಿನಿಂದ ಮಧ್ವೇಶ ಎಂಬ ವಕೀಲರು ಸೇರಿದರು, ಎರಡು ವರ್ಷದ ಮೇಲೆ ಚಮನಬಿಯೂ ಬಂದು ಕೂತಳು. ಕರಾಚಿಯ ಹೆಂಗಸರು ಕೇಳಿದ ಹೆಸರುಗಳನ್ನು ಇವರು ಇಲ್ಲಿಯ ಜೇಲುಗಳಿಗೆ ಬರೆದು ವಿಚಾರಿಸುವುದು, ಇವರು ಕೇಳಿದವನ್ನು ಅವರು ಅಲ್ಲಿ ವಿಚಾರಿಸುವುದು. ದಾವಲಬಿಯದು ಒಂದೇ ಹಟ, ಪ್ರತಿ ಕಾಗದವನ್ನೂ ಟಪಾಲು ಪೆಟ್ಟಿಗೆಗೆ ಹಾಕುವ ಮೊದಲು ಠಾಣೆಯಲ್ಲಿ ತೋರಿಸಬೇಕು. ಅವಳೇ ಒಯ್ಯುತ್ತಿದ್ದಳು. ಒಬ್ಬ ಸಾಹೇಬರು ಹೊರಗೆ ಅಟ್ಟಿದರು, ಇನ್ನೊಬ್ಬರು ಕುರ್ಚಿ ಕೊಟ್ಟರು. ಹೋಗುವ ಹಿಂದಿನ ರಾತ್ರಿ ಎದ್ದೆದ್ದು ಬಾಗಿಲಿನ ಸರಪಳಿ ನೋಡುತ್ತಿದ್ದಳು. ಆದರೂ ಹೋಗುವುದನ್ನು ತಪ್ಪಿಸಲಿಲ್ಲ.

ಎಂಬತ್ತಾರರಲ್ಲಿ ಗುಜರಾತಿನಿಂದ ಹಿಂದಿಯಲ್ಲಿ ಒಂದು ಕಾರ್ಡು ಬಂತು. ಆ ಇಬ್ಬರಲ್ಲಿ ಒಬ್ಬ ಬಿಡುಗಡೆಯಾಗಿ ಮನೆ ಸೇರಿದ್ದ. ದಾವಲಬಿ ಅದನ್ನು ಎರಡು ಸಲ ಓದಿಸಿದಳು.

"ಅವರವ್ವ ಇನ್ನೂ ಅದಾಳಂತೇನ್ರಿ?" ಎಂದು ಶಿದ್ಲಿಂಗಪ್ಪ ಕೇಳಿದ.

"ಅದಾಳಂತ. ಆಕೀನ ಬರಸ್ಯಾಳ."

"ಛಲೋ ಆತು," ಎಂದು ಅವನು ಪಟಕಾದ ಸೆರಗಿನಿಂದ ಮುಖ ಒರೆಸಿಕೊಂಡ. ನೀಲಪ್ಪನ ಸುದ್ದಿ ಅವನಿಗೆ ಕೊನೆಯವರೆಗೂ ಸಿಗಲಿಲ್ಲ.

ಆ ದಿನ ಬರೆದು ಮುಗಿದಿದ್ದ ಹೊಸ ಕಾಗದವನ್ನು ಮಡಚಿಕೊಂಡು ದಾವಲಬಿ ಠಾಣೆಗೆ ಹೋಗಲು ಎದ್ದಳು. ಹೊಸ್ತಿಲಲ್ಲಿ ಅವಳ ಕಾಲು ನಿಂತಿತು, ಪ್ರತಿ ಸಲ ನಿಲ್ಲುವ ಹಾಗೆಯೇ.

"ತಡೀರಿ," ಎಂದು ಮುದುಕ ಕೈಚೀಲ ತೆಗೆದುಕೊಂಡ. "ಇವತ್ತ ನಾನೂ ಬರತೇನಿ."